ಕಸಕ್ಕೂ ಬಾಡಿಗಿ

ಗುಡಗೇರಿಯ ನಮ್ಮ ಓಣಿಯಲ್ಲಿ ಈಗ ಹೊಲದ ಬದುವಿಗಿಂತ ಗೂಗಲ್ ಡ್ರೈವಿನ ಜಾಗದ್ದೇ ತಂಟೆ. ಪುಕ್ಕಟೆ ಸಿಗುವುದು 15 ಜಿಬಿ. ಜಿಮೇಲ್, ಡ್ರೈವ್, ಫೋಟೋ ಮೂವರದೂ ಹಿಸ್ಸೆಯಾಗದ ಒಂದೇ ಆಸ್ತಿ. 2021ರ ಜೂನ್ 1ರಿಂದಂತೂ ಹೊಸದಾಗಿ ಏರಿಸುವ ಫೋಟೋಗಳೆಲ್ಲ ಲೆಕ್ಕಕ್ಕೆ.

ಕಾಕಾ ಕುಬಸದ ವಿಡಿಯೋದಿಂದ ಹಿಡಿದು ಹೊಲದ ಉತಾರದವರೆಗೆ ಎಲ್ಲ ಏರಿಸಿ, ಜಾಗ ತುಂಬಿತೆಂದು ಅಳಿಸಿದರು. ಜಾಗ ಬಿಡಲಿಲ್ಲ! ಅಳಿಸಿದ್ದು ಡ್ರೈವಿನ ಕಸದಬುಟ್ಟಿಯಲ್ಲಿ 30 ದಿನ ಕೂತಿರುತ್ತದೆ. ಬುಟ್ಟಿ ಬರಿದಾಗುವವರೆಗೆ ಜಾಗವೂ ಅದರದೇ.

“ಕಸಕ್ಕೂ ಬಾಡಿಗಿ ಏನೋ ತಮ್ಮಾ?” ಎನ್ನುತ್ತ ಬುಟ್ಟಿ ತೆರೆದ ಕಾಕಾ, ಒಂದೊಂದೇ ನೋಡಿ ಅರ್ಧ ವಾಪಸ್ ಏರಿಸಿದರು. “ಉತಾರ ಹೋದ್ರ ಮತ್ತ ಕುಂದಗೋಳಕ್ಕ ಹೋಗ್ಬೇಕು. ಬಸ್ ಚಾರ್ಜ್ ಗೂಗಲ್ ಕೊಡ್ತೈತೇನು?”

ಒಳಗಿನಿಂದ ಕಾಕು: “ನನಗ ಬಸ್ ಪುಕ್ಕಟ ಐತಿ, ನಾ ತರ್ತೀನಿ. ನೀವು ಅಳಸ್ರಿ.”