ಗುಟ್ಟಾಗಿ ತಿಂದದ್ದಕ್ಕೆ ಲೆಕ್ಕ

ಮದುವೆಮನೆಯಲ್ಲಿ ಮುಯ್ಯಿ ಕವರು ಕೊಟ್ಟು, ಪಂಕ್ತಿಯಲ್ಲಿ ಉಂಡು, ಎಲೆ ಮಡಚುವ ಮೊದಲೇ ‘ಸಾರಿಗೆ ಒಗ್ಗರಣೆ ಸಾಲದು, ಹೋಳಿಗೆ ನಾರಾಗಿತ್ತು’ ಎಂದು ವರದಿ ಒಪ್ಪಿಸುವುದು ನಮ್ಮವರಿಗೆ ಹೊಸದಲ್ಲ. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಎದುರು ಕಾಸು ಕೊಡುತ್ತಾರೆ. ಮಿಸ್ಟರಿ ಶಾಪಿಂಗ್ ಅಂತ ಹೆಸರು. ಸಾಮಾನ್ಯ ಗಿರಾಕಿಯ ಹಾಗೆ ಒಳಗೆ ಹೋಗಬೇಕು. ಕೌಂಟರಿನ ಹುಡುಗ ಎಷ್ಟು ಸೆಕೆಂಡಿಗೆ ಹಲೋ ಅಂದ, ನಕ್ಕನೋ ಹಲ್ಲು ಕಿರಿದನೋ, ರೆಸ್ಟ್‌ರೂಮಿನಲ್ಲಿ ಸೋಪು ಇತ್ತೋ ಇಲ್ಲವೋ ಎಲ್ಲ ನೋಡಿಕೊಂಡು, ಗುರುತು ಬಿಟ್ಟುಕೊಡದೆ ಹೊರಗೆ ಬಂದು ರಿಪೋರ್ಟು ಬರೆಯಬೇಕು.

ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ನಮ್ಮ ಮನೆಯಲ್ಲಿ ಈ ಕೆಲಸಕ್ಕೆಂದೇ ಹುಟ್ಟಿದವರು ನಮ್ಮತ್ತೆ. ಬಾಗಿಲಲ್ಲಿ ನಿಂತೇ ಒಳಗಿನ ಫಿಲ್ಟರ್ ಕಾಫಿ ಮೊದಲ ಡಿಕಾಕ್ಷನ್ನಿನದೋ ಎರಡನೆಯದೋ ಹೇಳಬಲ್ಲವರು. ಆದರೆ ಅವರು ಬಂದಿರುವುದು ವಿಸಿಟರ್ ವೀಸಾದಲ್ಲಿ; ದುಡಿಯುವಂತಿಲ್ಲ. ನಮ್ಮ ಯಜಮಾನರದು ಎಚ್-1ಬಿ. ಕರೆಸಿಕೊಂಡ ಕಂಪನಿಗೆ ಬಿಟ್ಟು ಇನ್ನೊಬ್ಬರಿಗೆ ದುಡಿಯುವಂತಿಲ್ಲ. ಉಳಿದವಳು ಎಚ್-4ರ ನಾನು. 2015ರ ನಿಯಮದಿಂದಾಗಿ, ಗಂಡನ ಗ್ರೀನ್ ಕಾರ್ಡಿನ ಕಾಗದಪತ್ರ ಒಂದು ಹಂತ ದಾಟಿದ್ದರೆ ಹೆಂಡತಿಗೆ ಕೆಲಸದ ಪರವಾನಗಿ ಕಾರ್ಡು ಸಿಗುತ್ತದೆ. ಅದು ಕೈಗೆ ಬರುವ ತನಕ ನಾನು ಎಷ್ಟು ಬೇಕಾದರೂ ಟೀಕೆ ಮಾಡಬಹುದಿತ್ತು, ಟೀಕೆಗೆ ಕಾಸು ತೊಗೊಳ್ಳುವಂತಿರಲಿಲ್ಲ. ತಿನ್ನುವುದಕ್ಕೆ ಮಾತ್ರ ಯಾವ ವೀಸಾದ ಅಡ್ಡಿಯೂ ಇಲ್ಲವಾದ್ದರಿಂದ, ಕಾರ್ಡು ಬಂದ ಮೇಲೆ ಮೂವರೂ ಹೊರಟೆವು.

ಫೀ 10 ಡಾಲರ್. ಊಟಕ್ಕೆ 15ರವರೆಗೆ ಮರುಪಾವತಿ. ಈ ‘ವರೆಗೆ’ಯನ್ನು ಯಜಮಾನರು ಗಮನಿಸಲಿಲ್ಲ. ‘ಕಂಪನಿ ಖರ್ಚು ಕಣೇ’ ಎಂದು ತಮಗೊಂದು ಮಿಲ್ಕ್‌ಶೇಕ್ ಹೇಳಿದರು, ಅಮ್ಮನಿಗೆ ಫ್ರೈಸ್ ಹೇಳಿದರು. ಬಿಲ್ಲು 27ಕ್ಕೆ ಹತ್ತಿತು. ಕಂಪನಿಯಿಂದ ಬರುವುದು ಫೀ ಸೇರಿ 25. ದುಡಿಯಲು ಹೋಗಿ 2 ಡಾಲರ್ ತೆತ್ತು ಬಂದಂತಾಯಿತು. ಆ 25 ಕೂಡ ಅಂದೇ ಬರುವುದಿಲ್ಲ. ಮೊದಲು ನಮ್ಮ ಕಾರ್ಡು ಉಜ್ಜಬೇಕು, ಬಿಲ್ಲಿನ ಫೋಟೋ ಕಳಿಸಬೇಕು, ರಿಪೋರ್ಟು ಪಾಸಾಗಬೇಕು, ಆಮೇಲೆ ತಿಂಗಳೋ ಎರಡು ತಿಂಗಳೋ ಕಾಯಬೇಕು. ‘ಅಲ್ಲಿಗೆ ನಾವೇ ಅವರಿಗೆ ಕೈಸಾಲ ಕೊಟ್ಟ ಹಾಗಾಯ್ತಲ್ಲ!’ ಎಂದರು ಅತ್ತೆ.

ಅಂಚೆಯಲ್ಲಿ ಒಮ್ಮೆ ಇದೇ ಮಿಸ್ಟರಿ ಶಾಪಿಂಗಿನ ಹೆಸರಲ್ಲಿ ಸುಮಾರು ಎರಡು ಸಾವಿರ ಡಾಲರಿನ ಚೆಕ್ಕು ಬಂತು. ಬ್ಯಾಂಕಿಗೆ ಹಾಕಿ, ನಿಮ್ಮ ಪಾಲು ಇಟ್ಟುಕೊಂಡು, ಉಳಿದದ್ದಕ್ಕೆ ಗಿಫ್ಟ್ ಕಾರ್ಡು ಕೊಂಡು ಅದರ ನಂಬರು ಕಳಿಸಿ ಅಂತ ಒಕ್ಕಣೆ. ಯಜಮಾನರ ಕಣ್ಣು ಅರಳಿತು. ಅತ್ತೆ ಟಿವಿಯಿಂದ ಮುಖ ತಿರುಗಿಸದೆ, ‘ಹತ್ತು ಡಾಲರಿಗೆ ಎರಡು ತಿಂಗಳು ಕಾಯಿಸೋ ಕಸುಬಿನಲ್ಲಿ ಮುಂಚಿತವಾಗಿ ಎರಡು ಸಾವಿರ ಕೊಡೋನು ಯಾವ ಧರ್ಮರಾಯನೋ?’ ಎಂದರು. ಚೆಕ್ಕು ಹರಿದು ಬುಟ್ಟಿಗೆ ಹೋಯಿತು. ಇಂಥ ಚೆಕ್ಕು ಖಾತೆಗೆ ಜಮೆಯಾದಂತೆ ಕಂಡು ಆಮೇಲೆ ಬೌನ್ಸ್ ಆಗುತ್ತದೆ, ಗಿಫ್ಟ್ ಕಾರ್ಡಿಗೆ ಕೊಟ್ಟದ್ದು ನಮ್ಮ ತಲೆಗೆ ಸುತ್ತಿಕೊಳ್ಳುತ್ತದೆ ಎಂದು ಇಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹೇಳುತ್ತಲೇ ಇರುತ್ತದೆ. ಅವರಿಗಿಂತ ಅತ್ತೆ ಚುಟುಕಾಗಿ ಹೇಳಿದರು.

ಯುಗಾದಿ ಬಂತೆಂದರೆ ಹೊರನಾಡ ಕನ್ನಡಿಗರಿಗೆ ಬೇವು ಬೆಲ್ಲದ ಜೊತೆ ಟ್ಯಾಕ್ಸಿನ ಕಾಲವೂ ಬಂತೆಂದು ಅರ್ಥ. ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತಿನ ಪಾತ್ರೆಯ ಸುತ್ತ ನಿಂತವರೆಲ್ಲ ಆಡಿಟರುಗಳೇ. ‘ಫಾರ್ಮು ಬಂದಿಲ್ಲ ತಾನೇ? ಹಾಗಾದ್ರೆ ಅದು ಆದಾಯಾನೇ ಅಲ್ಲ ಬಿಡಿ’ ಎಂದು ಒಬ್ಬರು ಅಭಯ ಕೊಟ್ಟರು. ಒಂದು ಕಂಪನಿ ವರ್ಷಕ್ಕೆ 600 ಡಾಲರ್ ಅಥವಾ ಹೆಚ್ಚು ಕೊಟ್ಟರೆ 1099-ಎನ್‌ಇಸಿ ಎಂಬ ಫಾರ್ಮು ಕಳಿಸಬೇಕಿತ್ತು. 2026ರ ಪಾವತಿಗಳಿಂದ ಆ ಮಿತಿ 2,000ಕ್ಕೆ ಏರಿದೆ. ಆದರೆ ವಿನಾಯಿತಿ ಫಾರ್ಮು ಕಳಿಸುವವರಿಗೆ, ದುಡ್ಡು ತೊಗೊಂಡವರಿಗಲ್ಲ. ಫಾರ್ಮು ಬರಲಿ ಬಿಡಲಿ, ಫೀ ತೋರಿಸಲೇಬೇಕು.

ಈ ಕೆಲಸದಲ್ಲಿ ನಾವು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಹಾಗಾಗಿ ಮುಂಚೆಯೇ ಟ್ಯಾಕ್ಸ್ ಹಿಡಿಯುವವರಿಲ್ಲ. ಲೆಕ್ಕವನ್ನು ಷೆಡ್ಯೂಲ್ ಸಿ ಎಂಬ ಹಾಳೆಯಲ್ಲಿ ಬರೆಯಬೇಕು. ಸ್ವಂತ ದುಡಿಮೆಯ ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ, ಆದಾಯ ತೆರಿಗೆಯ ಜೊತೆಗೆ ಶೇ. 15.3ರ ದರದ ಇನ್ನೊಂದು ತೆರಿಗೆ. ನೌಕರಿಯಲ್ಲಿ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರಿನ ಅರ್ಧವನ್ನು ಕಂಪನಿ ಕಟ್ಟುತ್ತದೆ. ಇಲ್ಲಿ ಧಣಿಯೂ ನಾನೇ, ಆಳೂ ನಾನೇ. ಇಬ್ಬರ ಪಾಲೂ ನನ್ನ ಕೊರಳಿಗೆ.

ಬಿಲ್ಲು ಕೊಟ್ಟು ವಾಪಸು ಪಡೆದ ಊಟದ ದುಡ್ಡು ಆದಾಯವಲ್ಲ. ಆದರೆ ಕೆಲವು ಕಂಪನಿಗಳು ಫೀಯನ್ನೂ ಪಿಜ್ಜಾವನ್ನೂ ಒಟ್ಟು ಸೇರಿಸಿ ಫಾರ್ಮಿನಲ್ಲಿ ನಮೂದಿಸಿಬಿಡುತ್ತವೆ. ಆಗ ಅಷ್ಟನ್ನೂ ಆದಾಯವೆಂದು ತೋರಿಸಿ, ತಿಂದದ್ದನ್ನು ಖರ್ಚೆಂದು ಕಳೆಯಬೇಕು. ಅದಕ್ಕೇ ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ಬಿಲ್ಲುಗಳಿಂದ ಮುಚ್ಚಿಹೋಗಿದೆ.

ಮನೆಯ ಒಂದು ಮೂಲೆಯನ್ನೇ ಆಫೀಸು ಮಾಡಿಕೊಂಡವರು ಅಲ್ಲಿಂದ ಓಡಾಡಿದ ಮೈಲಿಗಳನ್ನೂ ಖರ್ಚಿಗೆ ಹಾಕಬಹುದು. ಆದರೆ ಆ ಮೂಲೆ ಕೆಲಸಕ್ಕಷ್ಟೇ ಮೀಸಲು. ಅತ್ತೆ ಅಲ್ಲಿ ಸಂಡಿಗೆ ಒಣಹಾಕುವಂತಿಲ್ಲ. ದಾರಿಯಲ್ಲಿ ಕೊತ್ತಂಬರಿ ಸೊಪ್ಪಿಗೆಂದು ಸುತ್ತಿದ ಮೈಲಿಯೂ ಸೇರುವುದಿಲ್ಲ. 2025ರ ದರ ಮೈಲಿಗೆ 70 ಸೆಂಟ್. ಹೋಗಿಬರಲು 20 ಮೈಲಿ, ಅಂದರೆ 14 ಡಾಲರ್. ಫೀ ಬರೀ 10. ‘ನೋಡಮ್ಮಾ, 4 ಡಾಲರ್ ನಷ್ಟ! ಇದರ ಮೇಲೆ ಟ್ಯಾಕ್ಸೇ ಇಲ್ಲ!’ ಎಂದು ಯಜಮಾನರು ಕುಣಿದಾಡಿದರು.

‘ಸಂಪಾದನೆಯೇ ಇಲ್ಲ ಅನ್ನೋದನ್ನ ಎಷ್ಟು ಚೆನ್ನಾಗಿ ಹೇಳ್ತೀಯೋ,’ ಎಂದರು ಅತ್ತೆ.

ಏಪ್ರಿಲ್ 15ರ ಗಡುವಿಗೆ ಮುಂಚೆ ರಿಟರ್ನ್ ತುಂಬಲು ಕೂತಾಗ ಅವರು ಕನ್ನಡಕ ಏರಿಸಿಕೊಂಡು ಪಕ್ಕಕ್ಕೇ ಬಂದರು. ಒಂದೊಂದೇ ಹಾಳೆ ನೋಡಿದರು.

‘ಅಲ್ಲಮ್ಮಾ, ಪಕ್ಕದ್ಮನೆಯವರಿಗೂ ಹೇಳ್ಬೇಡಿ ಅಂತ ನನ್ನ ಬಾಯಿಗೆ ಬೀಗ ಹಾಕಿಸಿದೀಯ. ಇವರಿಗೆ ಮಾತ್ರ ಎಷ್ಟು ಬಂತು, ಎಷ್ಟು ತಿಂದೆ, ಎಷ್ಟು ಮೈಲಿ ಸುತ್ತಿದೆ ಎಲ್ಲಾ ಬರೆದು ಸಹಿ ಬೇರೆ ಹಾಕ್ತಿದೀಯಲ್ಲ. ಇದ್ಯಾವ ಸೀಮೆ ಗುಟ್ಟು?’