ಆರ್‌ಸಿಬಿ ಅಣ್ಣನ ಹೊಸ ಚಿಂತೆ

ಚಿತ್ರದುರ್ಗ ಜಿಲ್ಲೆಯ ಯಾವ ಊರಿಗೆ ಹೋದರೂ ಇಂಥವನೊಬ್ಬ ಸಿಗುತ್ತಾನೆ. ಹೊಸದುರ್ಗದಲ್ಲಿ ದಾಳಿಂಬೆ ಬೆಳೆಯುತ್ತಿರಬಹುದು, ಹೊಳಲ್ಕೆರೆಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿರಬಹುದು. ನಾನು ಹೇಳುತ್ತಿರುವವನು ಹಿರಿಯೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಾನೆ. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿದೆ. ಊರಿಗೆಲ್ಲ ಆತ ಆರ್‌ಸಿಬಿ ಅಣ್ಣ.

ತೇರುಮಲ್ಲೇಶ್ವರನ ರಥಕ್ಕೆ ಬಾಳೆಹಣ್ಣು ಎಸೆಯುವಾಗ ಜನ ಮಗಳಿಗೆ ಗಂಡು, ಬೋರ್‌ವೆಲ್ಲಿಗೆ ನೀರು ಬೇಡುತ್ತಾರೆ. ಈತ ಹಣ್ಣಿನ ಮೇಲೆ ಪೆನ್ನಿನಲ್ಲಿ ‘ಈ ಸಲ ಕಪ್ ನಮ್ದೆ’ ಎಂದು ಬರೆದು ಎಸೆಯುತ್ತಿದ್ದ. ಕಳಸದ ಹತ್ತಿರ ಹೋದರೆ ಪ್ಲೇಆಫ್ ಖಾತ್ರಿ. ಮುಂದಿದ್ದವರ ಬೋಳುತಲೆಗೆ ಬಿದ್ದರೆ, “ಪವರ್‌ಪ್ಲೇನಲ್ಲಿ ಸ್ವಲ್ಪ ಎಡವಟ್ಟಾಗುತ್ತೆ, ಆಮೇಲೆ ಸರಿಹೋಗುತ್ತೆ ಬಿಡ್ರಿ.”

ಏಪ್ರಿಲ್ 23 ಬಂತೆಂದರೆ ಈತನಿಗೆ ಸಂಕಟ. 2013ರಲ್ಲಿ ಅವತ್ತೇ ಗೇಲ್ ಒಬ್ಬರೇ 175 ಹೊಡೆದು ತಂಡ 263 ಮಾಡಿತು. 2017ರಲ್ಲಿ ಅವತ್ತೇ ಹನ್ನೊಂದೂ ಜನ ಸೇರಿ 49. ಹಾಗಾಗಿ ಬೆಳಗ್ಗೆ ಪೇಡ ಹಂಚುತ್ತಾನೆ, ರಾತ್ರಿ ಊಟ ಬಿಡುತ್ತಾನೆ.

2009, 2011, 2016ರ ಮೂರು ಫೈನಲ್ ಸೋತ ಮೇಲೂ ಧೈರ್ಯ ಕೊಟ್ಟದ್ದು ಹಿರಿಯೂರಿನ ಅಣೆಕಟ್ಟು ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದ ಈ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. “89 ವರ್ಷ ಕಾದ ಊರು ಕಣಪ್ಪ ನಮ್ಮದು, ಹದಿನೈದು ವರ್ಷ ಯಾವ ಲೆಕ್ಕ?” ತಂಡದಲ್ಲಿ ಕನ್ನಡದ ಹುಡುಗರೇ ಇಲ್ಲವಲ್ಲ ಎಂದು ಯಾರಾದರೂ ಕೆಣಕಿದರೆ ಅದಕ್ಕೂ ಕಣಿವೆಯೇ ಉತ್ತರ: “ಭದ್ರಾ ನೀರು ಬಂದು ಸೇರಿದ ಮೇಲೆ ಅದನ್ನ ಭದ್ರಾ ನೀರು ಅಂತೀರೋ, ಕಣಿವೆ ನೀರು ಅಂತೀರೋ? ಪಾಟೀದಾರ್ ಇಂದೋರಿನವನಾದರೇನು!” ಇಂಥ ವಾದ ನೀರಾವರಿ ಇಲಾಖೆಯವರಿಗೂ ಹೊಳೆದಿರಲಿಕ್ಕಿಲ್ಲ.

2024ರಲ್ಲಿ ಹೆಣ್ಣುಮಕ್ಕಳ ತಂಡ ಎರಡನೇ ವರ್ಷಕ್ಕೇ ಕಪ್ ತಂದಾಗ ಮನೆಯಾಕೆ ಮುದ್ದೆ ಬಡಿಸುತ್ತ, “ನಿಮ್ಮೋರಿಗೆ ಎಷ್ಟು ವರ್ಷ ಆಯ್ತು?” ಎಂದಳಂತೆ. ಅಣ್ಣ ಇನ್ನೊಂದು ಮುದ್ದೆ ಹಾಕಿಸಿಕೊಂಡು ಸುಮ್ಮನಾದ. ಅದೇ ವರ್ಷದ ಮೇ ತಿಂಗಳು, ಮಂಡಕ್ಕಿ ಮಿರ್ಚಿ ಕಟ್ಟಿಕೊಟ್ಟ ಎಣ್ಣೆ ಕಾಗದದ ಮೇಲೆ ನೆಟ್ ರನ್‌ರೇಟಿನ ಲೆಕ್ಕ. ನಾವು 218, ಪ್ಲೇಆಫ್‌ಗೆ ಹೋಗಲು ಚೆನ್ನೈಯನ್ನು ಕನಿಷ್ಠ 18 ರನ್‌ನಿಂದ ಸೋಲಿಸಬೇಕು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಪೂರಕ ಪರೀಕ್ಷೆ ಕಟ್ಟಿದ್ದವನು ಮೂರನೇ ದಶಮಾಂಶದವರೆಗೆ ತಪ್ಪಿಲ್ಲದೆ ಭಾಗಿಸಿದ. 27 ರನ್‌ನಿಂದ ಗೆದ್ದರು. ನಾಲ್ಕು ದಿನ ಬಿಟ್ಟು ರಾಜಸ್ಥಾನದೆದುರು ಸೋತರು.

2025ರ ಜನವರಿಯಲ್ಲಿ ಕಣಿವೆ ಮತ್ತೆ ಕೋಡಿ ಬಿತ್ತು, ಜೂನ್ 3ರಂದು ಕಪ್ ಬಂತು. 2009ರಲ್ಲಿ 6 ರನ್‌ನಿಂದ ಸೋತಿದ್ದವರು 6 ರನ್‌ನಿಂದಲೇ ಗೆದ್ದರು. ಅಣ್ಣ ಅತ್ತ, ಕುಣಿದ, ಪಟಾಕಿ ತಂದ. ಮರುದಿನ ಬೆಂಗಳೂರಿನ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಜನ ಹೋದರೆಂದು ಟಿವಿಯಲ್ಲಿ ಬಂದಾಗ ಉಳಿದ ಪಟಾಕಿಯನ್ನು ಅಟ್ಟಕ್ಕೆ ಹಾಕಿದ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಕಷ್ಟ. ಹದಿನೇಳು ವರ್ಷ ಸೋತಾಗ ನಿದ್ದೆ ಕೆಡದವನು ಗೆದ್ದ ಮೇಲೆ ಮಾತ್ರೆ ಕೇಳತೊಡಗಿದ. ಮೊದಲು ಕಳೆದುಕೊಳ್ಳಲಿಕ್ಕೆ ಏನಿತ್ತು? ಈಗ ಕಪ್ ಇದೆ, ಉಳಿಸಿಕೊಳ್ಳಬೇಕು. ಹೇಜಲ್‌ವುಡ್ ಭುಜ ಹೇಗಿದೆ, ಕೊಹ್ಲಿ ಇನ್ನೆಷ್ಟು ವರ್ಷ ಆಡಿಯಾನು ಎಂದು ಮೋಟಾರಿನ ತಂತಿ ಸುತ್ತುತ್ತ ನಿಟ್ಟುಸಿರು. ಗೆದ್ದ ಮೇಲಿನ ಮೊದಲ ತೇರಿಗೆ ಹಣ್ಣಿನ ಮೇಲೆ ಏನು ಬರೆಯುವುದೆಂದೇ ತೋಚಲಿಲ್ಲ. ಹಿಂದಿದ್ದ ಹುಡುಗರು, “ಬೇಗ ಎಸಿಯಣ್ಣ, ತೇರು ಹೋಗ್ತೈತೆ” ಎಂದು ನೂಕಿದ ಮೇಲೆ ‘ಇನ್ನೊಂದು’ ಎಂದಷ್ಟೇ ಗೀಚಿ ಎಸೆದ. ಎಲ್ಲಿ ಬಿತ್ತೋ ಕಾಣಲಿಲ್ಲ, ಅದೂ ಒಂದು ಚಿಂತೆ.

ಹಿರಿಯೂರಿನ ಕಡೆ ಬಂದು ಆತನ ಅಂಗಡಿಯಲ್ಲಿ ಪಂದ್ಯ ನೋಡುವ ಯೋಗ ಬಂದರೆ ಒಂದು ಮಾತು: ಮೂತ್ರಕ್ಕೆ ಮೊದಲೇ ಹೋಗಿಬನ್ನಿ. ನೀವು ಎದ್ದ ಹೊತ್ತಿಗೆ ವಿಕೆಟ್ ಬಿದ್ದರೆ, ಅದು ಬೌಲರ್ ಲೆಕ್ಕಕ್ಕಲ್ಲ, ನಿಮ್ಮ ಲೆಕ್ಕಕ್ಕೆ.