ನೋವು ಹೋತು, ಗುಳಿಗೆ ಬಿಟ್ಟೆ

"ಮೇಷ್ಟ್ರೇ, ನಮ್ಮ ಹುಡುಗ ಗುಳಿಗೆ ಬಿಟ್ಟುಬಿಟ್ಟ. ಈಗ ನೋವಿಲ್ಲಂತ."

ಕಾಂಪೌಂಡ್ ಗೋಡೆಯಾಚೆ ಪಕ್ಕದ ಮನೆ ಅಣ್ಣ ಎಮ್ಮೆಗೆ ಸೊಪ್ಪೆ ಹಾಕ್ತಿದ್ದ. ಹುಡುಗನಿಗೆ ಇನ್ನೂ ಮೂವತ್ತಾಗಿಲ್ಲ. ಆದೋನಿ ಯಾರ್ಡಿನಾಗ ಹತ್ತಿ ಚೀಲ ಎತ್ತಿ ಉಳುಕೈತೆ ಅಂತ ವರ್ಷಗಟ್ಟಲೆ ಎಣ್ಣೆ ತಿಕ್ಕಿದರು. ಕಾಲು ಮುಂದಾಗಿ ಹುಟ್ಟಿದೋರ ಕಡೆ ಬೆನ್ನು ತುಳಿಸಿದರು. ಉಳುಕಾದರೆ ಮಲಗಿದಾಗ ಹಗುರಾಗಬೇಕು. ಇವನು ಬೆಳಗಿನ ಜಾವ ನೋವಿಗೆ ಎದ್ದು ಕೂಡ್ತಿದ್ದ, ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸಡಿಲಾಗ್ತಿದ್ದ. ಕಡೆಗೆ ಬಳ್ಳಾರಿಯಾಗ ಹೆಸರು ಸಿಕ್ತು, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್.

"ನೋವು ಹೋತು ಅಂದ್ರೆ ರೋಗ ಹೋತು ಅಂತಲ್ಲ ಅಣ್ಣಾ. ಒಳಗ ಉರಿಯೂತ ಇದ್ರೆ ಮಣಿಗಳ ನಡುವೆ ಎಲುಬು ಬೆಳೆದು ಬೆನ್ನು ಬಿದಿರಿನಂಗ ಒಂದಾಗ್ತದ. ಬೆಸೆದದ್ದನ್ನ ಬಿಡಿಸೋ ಔಷಧ ಇಲ್ಲ. ಆಮೇಲೆ ತುಳಿಸಿದ್ರಂತೂ ಮುರಿದೇ ಹೋದೀತು."

"ದಿನಾ ನುಂಗಿದ್ರೆ ನಿಲ್ತದಾ?"

ಇಲ್ಲೇ ಪೇಚು. 2005ರ ಒಂದು ಅಧ್ಯಯನದಾಗ ನೋವಿನ ಗುಳಿಗೆ ಬಿಡದೆ ನುಂಗಿದೋರ ಬೆನ್ನು ನಿಧಾನಕ್ಕೆ ಕೆಟ್ಟಿತ್ತು. ಆಮೇಲೆ ಜರ್ಮನಿಯವರು ಡೈಕ್ಲೋಫೆನಾಕ್ ಕೊಟ್ಟು ನೋಡಿದರು, ಅಂಥಾ ಲಾಭ ಕಾಣಲಿಲ್ಲ. ಹೊಟ್ಟೆ, ಮೂತ್ರಪಿಂಡದ ಕಾಟ ಬೇರೆ. ಉರಿಯೂತ ಎಬ್ಬಿಸೋ ಟಿಎನ್ಎಫ್ ಅನ್ನೋ ಪ್ರೋಟೀನನ್ನ ತಡೆಯೋ ಇಂಜೆಕ್ಷನ್ ಮೇಲೆ ನನಗೆ ಭರವಸೆ ಹೆಚ್ಚು. 334 ರೋಗಿಗಳನ್ನ ನೋಡಿ 2013ರಾಗ ಬರೆದ ವರದಿ ಪ್ರಕಾರ, ಅದನ್ನ ತಗೊಂಡೋರಲ್ಲಿ ಬೆನ್ನು ಕೆಡೋ ಸಂಭವ ಸುಮಾರು ಅರ್ಧಕ್ಕಿಳಿದಿತ್ತು. ಹತ್ತು ವರ್ಷ ತಡ ಮಾಡಿದೋರಿಗೆ ಅಷ್ಟು ಫಲ ಇಲ್ಲ. ಲಾಭ ಕಾಣೋದೂ ಒಂದೆರಡು ತಿಂಗಳ ಮಾತಲ್ಲ, ವರ್ಷಗಳದು.

"ಇಂಜೆಕ್ಷನ್ ದುಬಾರಿ, ಮೇಷ್ಟ್ರೇ. ಹತ್ತಿ ರೇಟು ನೀವೇ ನೋಡೀರಲ್ಲ."

ದುಬಾರಿ ಹೌದು. 2014ರ ಕೊನೆಗೆ ಅಹಮದಾಬಾದಿನ ಝೈಡಸ್ ಕಂಪನಿ ಅಡಲಿಮುಮ್ಯಾಬ್ ಅನ್ನೋ ಇಂಥಾ ಒಂದು ಇಂಜೆಕ್ಷನ್ ಇಲ್ಲೇ ತಯಾರಿಸಿ ಕಮ್ಮಿ ಬೆಲೆಗೆ ಬಿಟ್ಟಿತು. ಆದರೂ ನಮ್ಮ ಸೀಮೆ ರೈತನಿಗೆ ಅದು ಭಾರವೇ.

"ರಾಯರಿಗೆ ಹರಕೆ ಹೊತ್ತೀನಿ."

"ಮಂತ್ರಾಲಯಕ್ಕೆ ಹೋಗಿ ಬಾ, ಯಾರು ಬ್ಯಾಡಂದ್ರು? ಗುಳಿಗೆ ಬಿಡೋದು, ಹಿಡಿಯೋದು ಮಾತ್ರ ಡಾಕ್ಟರು ಹೇಳಲಿ. ಇಂಜೆಕ್ಷನ್ ಶುರು ಮಾಡೋ ಮುಂಚೆ ಟಿಬಿ ಪರೀಕ್ಷೆ ಮಾಡಿಸು. ಒಳಗ ಅಡಗಿದ್ದ ಟಿಬಿ ಆ ಔಷಧಕ್ಕೆ ಮೇಲೇಳ್ತದ. ಇವತ್ತೇ ಮಾಡೋ ಕೆಲಸ ಇನ್ನೊಂದೈತೆ, ದುಡ್ಡು ಬ್ಯಾಡ ಅದಕ್ಕೆ. ಹುಡುಗನ ಬೀಡಿ ಬಿಡಿಸು. ಬೀಡಿ ಸೇದೋರ ಬೆನ್ನು ಬೇಗ ಬೆಸೀತದ."